ಬರೆದು ಉಣ್ಣುವ ಲೆಕ್ಕ

ಕನ್ನಡದಲ್ಲಿ ಬರೆದೇ ಬದುಕಬೇಕೆಂದು ಹೊರಡುವವರು ಮೊದಲು ಮಾಡಬೇಕಾದದ್ದು ಗುಣಾಕಾರ. ಇನ್ನೂರು ಪುಟದ ಒಂದು ಕಾದಂಬರಿ ಇದೆ ಎಂದುಕೊಳ್ಳೋಣ. ಪುಟಕ್ಕೊಂದು ರೂಪಾಯಿ ಹಿಡಿದರೆ ಬೆಲೆ 200 ರೂಪಾಯಿ. ಪ್ರಕಾಶಕರು ರೂಢಿಯಂತೆ ಕೊಡುವ ರಾಯಧನ ಶೇ. 10, ಅಂದರೆ ಪ್ರತಿಗೆ 20 ರೂಪಾಯಿ. ಸಾವಿರ ಪ್ರತಿ ಅಚ್ಚಾಗಿ, ಸಾವಿರವೂ ಖರ್ಚಾಗಿ, ಪ್ರಕಾಶಕರು ಲೆಕ್ಕವನ್ನೂ ಒಪ್ಪಿಸಿದರೆ ಲೇಖಕರ ಕೈಗೆ ಬರುವುದು 20,000 ರೂಪಾಯಿ. ಕಾದಂಬರಿಗೆ ಎರಡು ವರ್ಷ ಹಿಡಿದಿತ್ತೆಂದರೆ ತಿಂಗಳಿಗೆ 833 ರೂಪಾಯಿ ಬಿತ್ತು. ಈಚೆಗೆ ಮೊದಲ ಮುದ್ರಣ 500 ಪ್ರತಿ ದಾಟದ ಪುಸ್ತಕಗಳೇ ಹೆಚ್ಚಾಗಿರುವುದರಿಂದ ಅದರಲ್ಲೂ ಅರ್ಧ ಕಳೆಯಬೇಕು. ಇಷ್ಟು ಕೇಳಿಯೇ ಪೆನ್ನು ಕೆಳಗಿಡುವವರು ಇಡಬಹುದು, ಅದರಿಂದ ಯಾರಿಗೂ ನಷ್ಟವಿಲ್ಲ. ಆದರೆ ಲೆಕ್ಕ ಇಲ್ಲಿಗೇ ಮುಗಿಯುವುದಿಲ್ಲ. ಅದೇ ಪುಸ್ತಕ, ಅದೇ ಸಾವಿರ ಓದುಗರು. ದುಡ್ಡು ಯಾರ ಗಲ್ಲಾಪೆಟ್ಟಿಗೆಗೆ ಮೊದಲು ಬೀಳುತ್ತದೆ ಎಂಬುದು ಬದಲಾದರೆ ಮೊತ್ತವೂ ಬದಲಾಗುತ್ತದೆ. ಕನ್ನಡದಲ್ಲಿ ಬರೆದು ಬದುಕಿದವರ ಚರಿತ್ರೆ ಬಹುಪಾಲು ಆ ಗಲ್ಲಾಪೆಟ್ಟಿಗೆಯ ಚರಿತ್ರೆ.

ಅರಸರ ಕಾಲದಲ್ಲಿ ಈ ಪ್ರಶ್ನೆ ಇರಲಿಲ್ಲ. ಪಂಪನಿಗೆ ಅರಿಕೇಸರಿ ಧರ್ಮವುರವೆಂಬ ಅಗ್ರಹಾರವನ್ನೇ ಕೊಟ್ಟ. ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನ ಚಾವುಂಡರಾಯನ ನೆರಳಿನಲ್ಲಿ ಬೆಳೆದು ಚಾಲುಕ್ಯರ ಆಸ್ಥಾನ ಸೇರಿದ. ಅವನಿಗೆ ಆಶ್ರಯ ಕೊಟ್ಟ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ವನ್ನು ಓಲೆಗರಿಯಲ್ಲಿ ಸಾವಿರ ಪ್ರತಿ ಬರೆಸಿ ಹಂಚಿದಳೆಂಬುದು ಪ್ರಸಿದ್ಧ. ಕನ್ನಡದ ಸಾವಿರ ಪ್ರತಿಯ ಮೊದಲ ಆವೃತ್ತಿ ಹೀಗೆ ಪೂರ್ತಿಯಾಗಿ ಗೌರವ ಪ್ರತಿಗಳದ್ದೇ ಆಗಿತ್ತು. ಲೇಖಕರನ್ನು ಕಂಡಕೂಡಲೇ ‘ನಮಗೊಂದು ಪ್ರತಿ ಕೊಡಲಿಲ್ಲವಲ್ಲ’ ಎನ್ನುವ ನೆಂಟರಿಷ್ಟರ ಅಭ್ಯಾಸಕ್ಕೆ ಸಾವಿರ ವರ್ಷದ ಬೇರಿದೆ ಎಂದರೆ ಅತಿಶಯೋಕ್ತಿಯಲ್ಲ.

ಆಸ್ಥಾನಗಳು ಹೋದವು, ಅಚ್ಚುಕೂಟ ಬಂತು, ಓದುಗರು ಇನ್ನೂ ಪೂರ್ತಿಯಾಗಿ ಬಂದಿರಲಿಲ್ಲ. ಆ ನಡುಗಾಲದಲ್ಲಿ ಸಿಕ್ಕಿಬಿದ್ದವರು ನಂದಳಿಕೆಯ ಲಕ್ಷ್ಮೀನಾರಾಯಣ, ಅಂದರೆ ಮುದ್ದಣ. ಉಡುಪಿಯ ಶಾಲೆಯಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದ ಇವರು ತಮ್ಮ ಕೃತಿಗಳನ್ನು ಯಾರೋ ಹಳೆಯ ಕವಿಯದ್ದೆಂದು ಹೇಳಿ ಮೈಸೂರಿಗೆ ಕಳಿಸಿದರು. ಬಡತನ, ಕ್ಷಯ ಎರಡೂ ಸೇರಿ 1901ರಲ್ಲಿ, ಮೂವತ್ತೊಂದರ ಆಸುಪಾಸಿನಲ್ಲಿ, ತೀರಿಕೊಂಡರು. ಹೆಸರನ್ನೇ ಹಾಕಿಕೊಳ್ಳದವರಿಗೆ ಹಣ ಬರುವ ದಾರಿಯಾದರೂ ಎಲ್ಲಿ?

ದಾರಿ ಹುಡುಕಿದವರು ಗಳಗನಾಥರು. ಹಾವೇರಿ ಸೀಮೆಯ ಗಳಗನಾಥ ಗ್ರಾಮದ ವೆಂಕಟೇಶ ತಿರಕೋ ಕುಲಕರ್ಣಿ (1869–1942) ಶಾಲಾ ಮಾಸ್ತರಿಕೆ ಬಿಟ್ಟು ಕಾದಂಬರಿಗೆ ಕೈಹಾಕಿದರು. ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರೆದರು, ಬರೆದದ್ದನ್ನು ಪುಸ್ತಕ ಮಾಡಿದರು, ಪುಸ್ತಕದ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದರು. ಉತ್ತರ ಕರ್ನಾಟಕದಲ್ಲಿ ಮರಾಠಿ ಪುಸ್ತಕ ಓದುತ್ತಿದ್ದ ಮನೆಗಳಿಗೆ ಕನ್ನಡ ಕಾದಂಬರಿ ಹೊಕ್ಕಿದ್ದು ಈ ಗಂಟಿನಿಂದ. ಅವರನ್ನು ಕಾದಂಬರಿ ಪಿತಾಮಹರೆಂದು ಕರೆಯುತ್ತಾರೆ. ಪುಸ್ತಕ ವ್ಯಾಪಾರದ ಪಿತಾಮಹರೆಂದು ಕರೆದರೂ ತಪ್ಪಾಗದು. ಪತ್ರಿಕೆಯಿಂದ ಓದುಗರನ್ನು ಹಿಡಿಯುವುದು, ಹಿಡಿದವರಿಗೆ ಪುಸ್ತಕ ಮುಟ್ಟಿಸುವುದು, ನಡುವೆ ಇನ್ನೊಬ್ಬರಿಗೆ ಜಾಗ ಬಿಡದಿರುವುದು: ಇವತ್ತು ಫೋನು ಹಿಡಿದು ಪುಸ್ತಕ ಮಾರುವವರು ಮಾಡುತ್ತಿರುವುದೂ ಇದನ್ನೇ. ಹೆಗಲು ಮಾತ್ರ ನೋಯುವುದಿಲ್ಲ.

ಶಿವರಾಮ ಕಾರಂತರು (1902–1997) ಇದೇ ದಾರಿಯನ್ನು ಕಾರ್ಖಾನೆಯ ಮಟ್ಟಕ್ಕೆ ಒಯ್ದರು. ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯ ಕಟ್ಟಿ, ಹರ್ಷ ಪ್ರಕಟಣಾಲಯದ ಹೆಸರಿನಲ್ಲಿ ತಮ್ಮ ಪುಸ್ತಕಗಳನ್ನು ತಾವೇ ತಂದರು. ಸಂಬಳದ ನೌಕರಿಗೆ ಕಟ್ಟುಬೀಳದೆ ಬದುಕಿದ ಅವರ ಪಟ್ಟಿಯನ್ನು ನೋಡಿದರೆ ಕಾದಂಬರಿ ಒಂದೇ ಇಲ್ಲ. ಮಕ್ಕಳಿಗೆ ‘ಬಾಲಪ್ರಪಂಚ’, ದೊಡ್ಡವರಿಗೆ ‘ವಿಜ್ಞಾನ ಪ್ರಪಂಚ’, ಅರ್ಥಕೋಶ, ಪಠ್ಯಪುಸ್ತಕ, ನಾಟಕ, ಯಕ್ಷಗಾನದ ಅಧ್ಯಯನ, ಪ್ರವಾಸಕಥನ ಎಲ್ಲ ಇವೆ. ಇದು ಕುತೂಹಲದ ಫಲ ನಿಜ, ಆದರೆ ಇದರಲ್ಲಿ ಮನೆ ನಡೆಸುವವರ ಜಾಣತನವೂ ಇದೆ. ಕಾದಂಬರಿಯನ್ನು ಬೇಕಾದವರು ಕೊಳ್ಳುತ್ತಾರೆ. ಕೋಶವನ್ನೂ ಮಕ್ಕಳ ವಿಶ್ವಕೋಶವನ್ನೂ ಶಾಲೆ, ಗ್ರಂಥಾಲಯಗಳು ಕೊಳ್ಳಲೇಬೇಕಾಗುತ್ತದೆ. ಹಾಗೆಂದು ಕಾರಂತರ ಕೈ ಎಂದೂ ಬಿಗಿಯಾಗಲಿಲ್ಲವೆಂದು ತಿಳಿಯಬಾರದು. ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಓದಿದವರಿಗೆ ಆ ಸ್ವಾತಂತ್ರ್ಯಕ್ಕೆ ತೆತ್ತ ಬೆಲೆ ಗೊತ್ತು.

ಇನ್ನೊಂದು ಉಪಾಯ ಚಂದಾ. 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಶುರುಮಾಡಿದ ಮನೋಹರ ಗ್ರಂಥಮಾಲೆ ಚಂದಾದಾರರ ಬಲದ ಮೇಲೆ ನಿಂತಿತು. ಓದುಗರು ಮೊದಲು ದುಡ್ಡು ಕಟ್ಟುತ್ತಾರೆ, ವರ್ಷದಲ್ಲಿ ಇಂತಿಷ್ಟು ಪುಸ್ತಕ ಮನೆಗೆ ಬರುತ್ತವೆ, ಯಾವುವೆಂದು ಆರಿಸುವುದು ಸಂಪಾದಕರ ಕೆಲಸ. ಅಚ್ಚಿನ ಖರ್ಚು ಮುಂಗಡವಾಗಿ ಕೈಸೇರುವುದರಿಂದ ಹೊಸ ಲೇಖಕರ ಪುಸ್ತಕ ಹಾಕುವ ಧೈರ್ಯ ಬರುತ್ತದೆ. ಇಪ್ಪತ್ತರ ಹರೆಯದ ಗಿರೀಶ ಕಾರ್ನಾಡರ ‘ಯಯಾತಿ’ 1961ರಲ್ಲಿ ಅಚ್ಚಾದದ್ದು ಇಲ್ಲಿಂದಲೇ. ಚಂದಾದಾರರ ಯಾದಿ ಇಟ್ಟುಕೊಂಡವರು ನೆಮ್ಮದಿಯಾಗಿರುತ್ತಾರೆ ಎಂಬ ಪಾಠವನ್ನು ಧಾರವಾಡದ ಈ ಗ್ರಂಥಮಾಲೆ ಅಂದೇ ಹೇಳಿಕೊಟ್ಟಿತ್ತು.

ಐವತ್ತರ ದಶಕದಿಂದ ಎಂಬತ್ತರ ದಶಕದವರೆಗೆ ಕನ್ನಡದ ಕಾದಂಬರಿಕಾರರಿಗೆ ಸುಗ್ಗಿ. ಅ.ನ. ಕೃಷ್ಣರಾಯರು ನೂರಕ್ಕೂ ಹೆಚ್ಚು ಪುಸ್ತಕ ಬರೆದು ಲೇಖಣಿಯನ್ನೇ ನೆಚ್ಚಿದರು. ತ.ರಾ. ಸುಬ್ಬರಾಯರು ಕೆಲಕಾಲ ಪತ್ರಿಕೆಗಳಲ್ಲಿದ್ದು ಆಮೇಲೆ ಕಾದಂಬರಿಗೇ ನಿಂತರು. ವಾರಪತ್ರಿಕೆಗಳು ಬೆಳೆದವು: 1965ರಲ್ಲಿ ‘ಸುಧಾ’, 1983ರಲ್ಲಿ ‘ತರಂಗ’. ಒಂದು ಕಾದಂಬರಿ ಮೊದಲು ಧಾರಾವಾಹಿಯಾಗಿ ಒಮ್ಮೆ, ಪುಸ್ತಕವಾಗಿ ಇನ್ನೊಮ್ಮೆ, ಅದೃಷ್ಟವಿದ್ದರೆ ಸಿನಿಮಾ ಆಗಿ ಮತ್ತೊಮ್ಮೆ ದುಡಿಯುತ್ತಿತ್ತು. ತರಾಸು ಅವರ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲರು 1972ರಲ್ಲಿ ‘ನಾಗರಹಾವು’ ಮಾಡಿದರು. ಇದೇ ಹೊತ್ತಿನಲ್ಲಿ ಎನ್. ನರಸಿಂಹಯ್ಯನವರು ಪತ್ತೇದಾರ ಪುರುಷೋತ್ತಮನನ್ನು ಮುಂದಿಟ್ಟುಕೊಂಡು 500ಕ್ಕೂ ಹೆಚ್ಚು ಕಾದಂಬರಿ ಬರೆದರು. ಅಗ್ಗದ ಕಾಗದ, ಅಗ್ಗದ ಬೆಲೆ, ಬಸ್‌ಸ್ಟ್ಯಾಂಡಿನ ಅಂಗಡಿ. ಕನ್ನಡ ಓದುವ ಚಟ ಎಷ್ಟೋ ಜನಕ್ಕೆ ಹತ್ತಿದ್ದು ಅವರಿಂದ. ಹಾಗಿದ್ದೂ ಬರೆದವರು ಸಿರಿವಂತರಾಗಲಿಲ್ಲ. ಬೀದಿಗೊಂದು ಬಾಡಿಗೆ ಪುಸ್ತಕದಂಗಡಿ ಇತ್ತು. ಒಂದೇ ಪ್ರತಿ, ದಿನಕ್ಕಿಷ್ಟು ಪೈಸೆಯಂತೆ ಬೆನ್ನು ಕಿತ್ತುಹೋಗುವವರೆಗೆ ಕೈಯಿಂದ ಕೈಗೆ ತಿರುಗುತ್ತಿತ್ತು. ಆ ಬಾಡಿಗೆಯಲ್ಲಿ ಲೇಖಕರಿಗೆ ಬಿಡಿಗಾಸೂ ಇರಲಿಲ್ಲ. ಹಕ್ಕನ್ನು ಒಂದೇ ಗಂಟಿಗೆ ಮಾರಿ ಕೈತೊಳೆದುಕೊಳ್ಳುವ ಪದ್ಧತಿಯೂ ಇತ್ತು. ಎಷ್ಟು ಮುದ್ರಣವಾದರೂ ಲಾಭವೆಲ್ಲ ಕೊಂಡವರದ್ದು.

ಗಲ್ಲಾಪೆಟ್ಟಿಗೆ ತಮ್ಮದಾಗಿದ್ದರೆ ಏನಾಗುತ್ತದೆಂದು ಆ ದಿನಗಳ ಕೊನೆಯಲ್ಲಿ ತೋರಿಸಿದವರು ಪಿ. ಲಂಕೇಶ್. ಬೆಂಗಳೂರು ವಿಶ್ವವಿದ್ಯಾಲಯದ ಇಂಗ್ಲಿಷ್ ಮೇಷ್ಟರ ಕೆಲಸ ಬಿಟ್ಟಿದ್ದ ಅವರು 1980ರಲ್ಲಿ ‘ಲಂಕೇಶ್ ಪತ್ರಿಕೆ’ ತೆಗೆದರು, ಜಾಹೀರಾತು ಬೇಡವೆಂದರು. ವಾರವಾರ ಓದುಗರು ಕೊಡುವ ಚಿಲ್ಲರೆಯೇ ಕಾಗದಕ್ಕೆ, ಅಚ್ಚಿಗೆ, ಸಂಬಳಕ್ಕೆ. ಜಾಹೀರಾತಿಲ್ಲದೆ ಪತ್ರಿಕೆ ನಡೆಯದು ಎಂದು ಪತ್ರಿಕೋದ್ಯಮ ಇಂದಿಗೂ ನಂಬಿದೆ. ಅದು ನಡೆಯಿತು, ಬರಹಗಾರರೊಬ್ಬರ ಹೆಸರೇ ಬಂಡವಾಳವಾಗಿ ನಡೆಯಿತು. ಅಂಥ ಹೆಸರು ಎಲ್ಲರಿಗೂ ಇರುವುದಿಲ್ಲ ಎಂಬುದು ಈ ಉದಾಹರಣೆಯ ಒಂದೇ ಕೊರತೆ.

ಇನ್ನುಳಿದವರು ಹೊಟ್ಟೆಗೆ ಬೇರೆ ವ್ಯವಸ್ಥೆ ಮಾಡಿಕೊಂಡರು, ಮತ್ತು ಅವರದ್ದೇ ಬಹುಮತ. ಮಾಸ್ತಿಯವರು ಮೈಸೂರು ಸಂಸ್ಥಾನದ ದೊಡ್ಡ ಅಧಿಕಾರಿ. ‘ಮೈಸೂರು ಮಲ್ಲಿಗೆ’ಯನ್ನು ಮನೆಮನೆಯವರು ಹಾಡುತ್ತಿದ್ದಾಗ ಕೆ.ಎಸ್. ನರಸಿಂಹಸ್ವಾಮಿಯವರು ಸರ್ಕಾರಿ ಕಚೇರಿಯ ಗುಮಾಸ್ತರು. ಕನ್ನಡದಲ್ಲಿ ಅತಿ ಹೆಚ್ಚು ಮಾರಾಟವಾಗುವ ಕಾದಂಬರಿಗಳನ್ನು ಬರೆದ ಎಸ್.ಎಲ್. ಭೈರಪ್ಪನವರೂ 1991ರಲ್ಲಿ ನಿವೃತ್ತರಾಗುವವರೆಗೆ ಪಾಠ ಹೇಳುವ ಕೆಲಸ ಬಿಡಲಿಲ್ಲ. ಜಯಂತ ಕಾಯ್ಕಿಣಿಯವರು ಮುಂಬಯಿಯ ಔಷಧ ಕಂಪನಿಯಲ್ಲಿ ರಸಾಯನಶಾಸ್ತ್ರದ ಕೆಲಸ ಮಾಡಿಕೊಂಡು ಕತೆ ಬರೆದರು. ಪೂರ್ಣಚಂದ್ರ ತೇಜಸ್ವಿಯವರಿಗೆ ಮೂಡಿಗೆರೆಯಲ್ಲಿ ಕಾಫಿ ತೋಟವಿತ್ತು, ಜೊತೆಗೆ ಪುಸ್ತಕ ಪ್ರಕಾಶನವೆಂಬ ಸ್ವಂತ ಪ್ರಕಾಶನವೂ ಇತ್ತು. ‘ಹಾರ್ಟ್ ಲ್ಯಾಂಪ್’ಗೆ 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಬಹುಮಾನ ಪಡೆದ ಬಾನು ಮುಷ್ತಾಕ್ ಅವರು ಹಾಸನದ ವಕೀಲರು. ಬಹುಮಾನದ 50,000 ಪೌಂಡ್ ಅವರಿಗೂ ಅನುವಾದಕಿ ದೀಪಾ ಭಾಸ್ತಿ ಅವರಿಗೂ ಸಮಪಾಲಾಯಿತು. ಬಹುಮಾನವನ್ನು ಯಾರೂ ಬಜೆಟ್ಟಿನಲ್ಲಿ ಸೇರಿಸಿಕೊಳ್ಳುವಂತಿಲ್ಲ. ಬಂದರೆ ಸಂತೋಷ, ಬಾರದಿದ್ದರೆ ಆಯ್ಕೆ ಸಮಿತಿಯ ಮೇಲೆ ಸಿಟ್ಟು. ಎರಡರಿಂದಲೂ ಕರೆಂಟು ಬಿಲ್ಲು ಕಟ್ಟಲಾಗದು.

ಹೀಗಾಗಿ ಯೋಜನೆ ಹಾಕುವವರು ಸಂಬಳದ ಕೆಲಸವನ್ನು ಯಾವಾಗ ಬಿಡಬೇಕೆಂಬುದನ್ನು ಉತ್ಸಾಹದ ಮೇಲಲ್ಲ, ಅಂಕಿಯ ಮೇಲೆ ನಿರ್ಧರಿಸಬೇಕು. ತಿಂಗಳಿಗೆ 25,000 ರೂಪಾಯಿಯಲ್ಲಿ ಮನೆ ನಡೆಯುತ್ತದೆ ಎಂದಿಟ್ಟುಕೊಂಡರೆ ವರ್ಷಕ್ಕೆ 3 ಲಕ್ಷ ಬೇಕು. ಪ್ರತಿಗೆ 20 ರೂಪಾಯಿ ರಾಯಧನದಲ್ಲಿ ಅದು 15,000 ಪ್ರತಿಯ ಮಾರಾಟ. ಲೇಖಕರೇ ಅಚ್ಚು ಹಾಕಿಸಿ ಅಂಗಡಿಗಳಿಗೆ ಶೇ. 40 ರಿಯಾಯಿತಿಯಲ್ಲಿ ಕೊಟ್ಟರೆ ಪ್ರತಿಗೆ 120 ರೂಪಾಯಿ ಬರುತ್ತದೆ. ಅಚ್ಚಿನ ಖರ್ಚು 80 ಕಳೆದರೆ ಉಳಿಯುವುದು 40, ಅಂದರೆ 7,500 ಪ್ರತಿ ಹೋಗಬೇಕು. ನೇರವಾಗಿ ಓದುಗರಿಗೇ 180 ರೂಪಾಯಿಗೆ ಮಾರಿದರೆ ಉಳಿಕೆ 100, ಆಗ 3,000 ಪ್ರತಿ ಸಾಕು. ಚಂದಾ ಪದ್ಧತಿಯಲ್ಲಿ ವರ್ಷಕ್ಕೆ ನಿವ್ವಳ 500 ರೂಪಾಯಿ ಉಳಿಸುವ 600 ಮಂದಿ ಸಿಕ್ಕರೆ ಅಷ್ಟೇ ಹಣ. 15,000 ಅಪರಿಚಿತರನ್ನು ಹುಡುಕುವುದೋ, ಹೆಸರು ಹಿಡಿದು ಕರೆಯಬಹುದಾದ 600 ಮಂದಿಯನ್ನು ಕಾಪಾಡಿಕೊಳ್ಳುವುದೋ ಎಂಬಲ್ಲಿಗೆ ಪ್ರಶ್ನೆ ಬಂದು ನಿಲ್ಲುತ್ತದೆ. ಎರಡನೆಯದೇ ಸುಲಭವೆಂದು ಯಾರಿಗಾದರೂ ತೋರುತ್ತದೆ. ಆದರೂ ಬಹುತೇಕ ಲೇಖಕರು ಮೊದಲನೆಯದನ್ನೇ ಆರಿಸಿಕೊಳ್ಳುತ್ತಾರೆ, ಏಕೆಂದರೆ ಅದರಲ್ಲಿ ಪಾರ್ಸೆಲ್ ಕಟ್ಟುವ ಕೆಲಸವಿಲ್ಲ.

ಪಾರ್ಸೆಲ್ ಕಟ್ಟುವ ಕೆಲಸ ಸಣ್ಣದಲ್ಲ. ಪುಸ್ತಕ ಬಿಡುಗಡೆಯ ವಾರ ಲೇಖಕರ ಊಟದ ಮೇಜಿನ ಮೇಲೆ ತಟ್ಟೆಗೆ ಜಾಗವಿರುವುದಿಲ್ಲ. ಒಂದು ಕಡೆ ಪ್ರೆಸ್ಸಿನಿಂದ ಬಂದ ಕಟ್ಟುಗಳು, ಇನ್ನೊಂದು ಕಡೆ ಕಂದು ಬಣ್ಣದ ಲಕೋಟೆ, ಕತ್ತರಿ, ಗಮ್‌ಟೇಪು. ಫೋನಿನಲ್ಲಿ ಹಣ ಕಳಿಸಿದ ಸ್ಕ್ರೀನ್‌ಶಾಟ್ ಒಂದು ನಂಬರಿನಿಂದ ಬಂದಿದ್ದರೆ ವಿಳಾಸ ಇನ್ನೊಂದು ನಂಬರಿನಿಂದ ಬಂದಿರುತ್ತದೆ. ಎರಡನ್ನೂ ತಾಳೆ ಹಾಕುವುದಕ್ಕೇ ಒಂದು ಮಧ್ಯಾಹ್ನ. ‘ಬಸ್‌ಸ್ಟ್ಯಾಂಡ್ ಹತ್ತಿರ ಯಾರನ್ನು ಕೇಳಿದರೂ ತೋರಿಸುತ್ತಾರೆ’ ಎಂಬ ವಿಳಾಸವಿರುತ್ತದೆ, ಪಿನ್‌ಕೋಡಿನಲ್ಲಿ ಐದೇ ಅಂಕಿ ಇರುತ್ತದೆ. ಸಹಿ ಹಾಕಿ ಕಳಿಸಿ ಎಂದವರ ಪುಸ್ತಕ ಸಹಿಯಿಲ್ಲದೆ ಹೋಗುತ್ತದೆ, ಕೇಳದವರ ಪುಸ್ತಕದಲ್ಲಿ ಸಹಿ ಬಿದ್ದಿರುತ್ತದೆ. ಮೂರನೆಯ ದಿನದಿಂದ ‘ಪುಸ್ತಕ ಇನ್ನೂ ಬಂದಿಲ್ಲ ಸರ್’ ಶುರು. ಅಗ್ಗದಲ್ಲಿ ಪುಸ್ತಕ ಮುಟ್ಟಿಸುತ್ತಿದ್ದ ನೋಂದಾಯಿತ ಬುಕ್ ಪೋಸ್ಟ್ ಸೇವೆಯನ್ನು ಅಂಚೆ ಇಲಾಖೆ 2024ರ ಡಿಸೆಂಬರಿನಲ್ಲಿ ನಿಲ್ಲಿಸಿತು. ಸಣ್ಣ ಪ್ರಕಾಶಕರೆಲ್ಲ ಗೋಳಾಡಿದ ಮೇಲೆ 2025ರ ಮೇ ತಿಂಗಳಿನಲ್ಲಿ ಶೈಕ್ಷಣಿಕ, ಸಾಮಾಜಿಕ, ಸಾಂಸ್ಕೃತಿಕ, ಧಾರ್ಮಿಕ ಪುಸ್ತಕಗಳಿಗೆಂದು ‘ಜ್ಞಾನ ಪೋಸ್ಟ್’ ಬಂತು: 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋವರೆಗೆ 100 ರೂಪಾಯಿ, ತೆರಿಗೆ ಬೇರೆ. ಕಾದಂಬರಿಗೆ 70 ಜಿಎಸ್‌ಎಮ್ ಕಾಗದ ಸಾಕೋ 80 ಬೇಕೋ ಎಂಬುದನ್ನು ಅಂದಚೆಂದದ ಜೊತೆಗೆ ಈ 300 ಗ್ರಾಮಿನ ಗೆರೆಯೂ ತೀರ್ಮಾನಿಸುತ್ತದೆ. ಇದನ್ನೆಲ್ಲ ಬೇಸರವಿಲ್ಲದೆ ಮಾಡುವವರಿಗೆ ಕೊನೆಗೆ ಒಂದು ಆಸ್ತಿ ಸಿಗುತ್ತದೆ. ಯಾವ ಊರಿನ ಯಾರು ಯಾವ ಪುಸ್ತಕ ಕೊಂಡರು ಎಂಬ ಪಟ್ಟಿ ಅದು. ಮುಂದಿನ ಪುಸ್ತಕಕ್ಕೆ ಮೊದಲ ಮುನ್ನೂರು ಗಿರಾಕಿಗಳು ಅದರಲ್ಲೇ ಇದ್ದಾರೆ.

ಪುಸ್ತಕದ ಹೊರಗಿನ ಬರಹವೂ ಅನ್ನ ಕೊಡುತ್ತದೆ, ಎಷ್ಟೋ ಸಲ ಪುಸ್ತಕಕ್ಕಿಂತ ಚೆನ್ನಾಗಿ. ಪತ್ರಿಕೆಯ ಅಂಕಣಕ್ಕೆ ಗೌರವಧನ ಬರುತ್ತದೆ. ಮೊತ್ತ ಸಣ್ಣದಾದರೂ ವಾರವಾರ ಹೆಸರು ಓದುಗರ ಕಣ್ಣಿಗೆ ಬೀಳುವುದು ಅದರ ನಿಜವಾದ ಸಂಬಳ. ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆಗಳು ಹೊಸಬರಿಗೆ ಇಂದಿಗೂ ಹೆಬ್ಬಾಗಿಲು. ಅನುವಾದಕ್ಕೆ ಪದದ ಲೆಕ್ಕ; ಜಾಹೀರಾತು, ಬ್ಯಾಂಕಿನ ಫಾರ್ಮು, ಆ್ಯಪುಗಳ ಕನ್ನಡ ಎಲ್ಲ ಇದರಲ್ಲಿ ಸೇರುತ್ತವೆ. ಟಿವಿಯ ದಿನವಹಿ ಧಾರಾವಾಹಿಗಳಿಗೆ ಸಂಭಾಷಣೆ ಬರೆಯುವವರಿಗೆ ಕಂತಿನ ಲೆಕ್ಕದಲ್ಲಿ ಹಣ. ಸಾಹಿತ್ಯದ ವೇದಿಕೆಯಲ್ಲಿ ಈ ಕೆಲಸದ ಹೆಸರೆತ್ತುವುದಿಲ್ಲ, ಮನೆ ಬಾಡಿಗೆ ಕಟ್ಟುವಾಗ ಮರೆಯುವುದೂ ಇಲ್ಲ. ಇನ್ನು ಯಾರ ಕಣ್ಣಿಗೂ ಬೀಳದೆ ನಡೆಯುವ ಒಂದು ದೊಡ್ಡ ಮಾರುಕಟ್ಟೆ ಇದೆ: ಸಹಕಾರಿ ಬ್ಯಾಂಕಿನ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆ, ನಿವೃತ್ತ ಹೆಡ್‌ಮಾಸ್ತರರ ಅಭಿನಂದನ ಗ್ರಂಥ, ಉದ್ಯಮಿಗಳ ಆತ್ಮಕತೆ, ದೇವಸ್ಥಾನದ ಸ್ಥಳಪುರಾಣ. ಈ ಗಿರಾಕಿಗಳು ಚೌಕಾಸಿ ಮಾಡಿದರೂ ದುಡ್ಡು ಕೊಡುತ್ತಾರೆ, ಪುಸ್ತಕವನ್ನು ತಾವೇ ಹಂಚುತ್ತಾರೆ. ಆತ್ಮಕತೆಯಲ್ಲಿ ಮಾತ್ರ ಬರೆದವರ ಹೆಸರಿರುವುದಿಲ್ಲ. ವರ್ಷಕ್ಕೆ ಇಂಥ ಎರಡು ಕೆಲಸ ಹಿಡಿದು ಉಳಿದ ತಿಂಗಳನ್ನು ಸ್ವಂತ ಬರವಣಿಗೆಗೆ ಮೀಸಲಿಡುವುದು ನಾಚಿಕೆಪಡುವ ಸಂಗತಿಯಲ್ಲ. ಹತ್ತು ಹಿಡಿದರೆ ಮಾತ್ರ ಸ್ವಂತ ಬರವಣಿಗೆ ಉಳಿಯುವುದಿಲ್ಲ.

ಭಾಷಣವನ್ನು ಆದಾಯದ ಕಾಲಂನಲ್ಲಿ ಬರೆದುಕೊಳ್ಳುವವರು ಎಚ್ಚರದಿಂದಿರಬೇಕು. ಕರೆದವರು ಬಸ್ಸಿನ ಚಾರ್ಜಿನ ವಿಷಯ ಎತ್ತುವುದಿಲ್ಲ, ಹೋದವರಿಗೆ ಕೇಳಲು ಸಂಕೋಚ. ಕಾರ್ಯಕ್ರಮ ಮುಗಿಯುವಾಗ ಮೈಸೂರು ಪೇಟ, ಶಾಲು, ಏಲಕ್ಕಿ ಹಾರ, ಪಾರದರ್ಶಕ ಕಾಗದ ಸುತ್ತಿದ ಹಣ್ಣಿನ ಬುಟ್ಟಿ, ಎರಡು ಕೈಯಲ್ಲಿ ಹಿಡಿಯಬೇಕಾದ ಸ್ಮರಣಿಕೆ. ಫೋಟೊ ಮುಗಿದಮೇಲೆ ಪೇಟವನ್ನು ಸಂಘದವರು ಮುಂದಿನ ಅತಿಥಿಗಾಗಿ ವಾಪಸ್ ತೆಗೆದುಕೊಂಡರೂ ತೆಗೆದುಕೊಂಡಾರು. ರಾತ್ರಿ ಹನ್ನೊಂದರ ಬಸ್ಸಿನಲ್ಲಿ ಸ್ಮರಣಿಕೆಯನ್ನು ಎಲ್ಲಿಡುವುದೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡು ಬರುವ ಲೇಖಕರನ್ನು ನಾಡಿನ ಎಲ್ಲ ಬಸ್‌ಸ್ಟ್ಯಾಂಡುಗಳೂ ಕಂಡಿವೆ. ಗೌರವ ಬೇಡವೆನ್ನಬೇಕಾಗಿಲ್ಲ. ಒಪ್ಪಿಕೊಳ್ಳುವಾಗಲೇ ಪ್ರಯಾಣದ ಖರ್ಚು, ಸಂಭಾವನೆ ಮಾತಾಡಿಕೊಂಡರೆ, ಸಭಾಂಗಣದ ಬಾಗಿಲಲ್ಲಿ ಪುಸ್ತಕ ಮಾರಲು ಒಂದು ಮೇಜು ಕೇಳಿಕೊಂಡರೆ ಆಯಿತು. ಆ ಮೇಜಿನ ಮೇಲೆ ಖರ್ಚಾಗುವ ಹದಿನೈದು ಪ್ರತಿ ಹಣ್ಣಿನ ಬುಟ್ಟಿಗಿಂತ ದೊಡ್ಡದು.

ಕನ್ನಡ ಪುಸ್ತಕೋದ್ಯಮದ ಬಹುಕಾಲದ ಆಧಾರ ಸರ್ಕಾರಿ ಖರೀದಿ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಡಿ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಸಂಗ್ರಹವಾಗುತ್ತದೆ. ಗ್ರಂಥಾಲಯ ಇಲಾಖೆ ಏಕಗವಾಕ್ಷಿ ಯೋಜನೆಯಲ್ಲಿ ಆಯ್ಕೆಯಾದ ಪುಸ್ತಕದ ಸುಮಾರು 300 ಪ್ರತಿ ಕೊಳ್ಳುತ್ತದೆ. ಬೆಲೆ ಪುಟದ ಲೆಕ್ಕದಲ್ಲಿ ಇಲಾಖೆಯೇ ನಿಗದಿ ಮಾಡಿದ್ದು, ಹೀಗಾಗಿ ಪುಸ್ತಕಗಳು ದಪ್ಪಗಾಗುವ ಪ್ರವೃತ್ತಿಗೆ ಸಾಹಿತ್ಯೇತರ ಕಾರಣವೂ ಇದೆ. 500 ಪ್ರತಿ ಅಚ್ಚು ಹಾಕಿಸಿದವರಿಗೆ 300 ಪ್ರತಿಯ ಆರ್ಡರು ಬಂದರೆ ಅಚ್ಚಿನ ಖರ್ಚು ಗಿಟ್ಟಿದಂತೆ. ಆದರೆ ಆಯ್ಕೆಗೂ ಹಣ ಕೈಸೇರುವುದಕ್ಕೂ ವರ್ಷಗಳೇ ಹಿಡಿದದ್ದುಂಟು. ಸಾಲ ಮಾಡಿ ಅಚ್ಚು ಹಾಕಿಸಿ ಈ ಆರ್ಡರನ್ನೇ ಕಾಯುವವರಿಗೆ ಬಡ್ಡಿ ಪುಸ್ತಕಕ್ಕಿಂತ ಬೇಗ ಬೆಳೆಯುತ್ತದೆ. ಕನ್ನಡ ಪುಸ್ತಕ ಪ್ರಾಧಿಕಾರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಮೊದಲ ಪುಸ್ತಕದವರು ಅರ್ಜಿ ಹಾಕದಿರಲು ಕಾರಣವಿಲ್ಲ. ಐಎಸ್‌ಬಿಎನ್ ಸಂಖ್ಯೆ ಭಾರತದಲ್ಲಿ ಪುಕ್ಕಟೆ. ಅದಕ್ಕೆ ದುಡ್ಡು ಕೇಳುವ ‘ಪ್ರಕಾಶನ ಪ್ಯಾಕೇಜ್’ನವರಿಂದ ದೂರ ಇರುವುದು ಲೇಸು.

ಫೋನಿನ ಪರದೆ ಈಗ ಹೊಸ ಪೇಟೆ. 2014ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಪ್ರತಿಲಿಪಿಯಲ್ಲಿ ಧಾರಾವಾಹಿ ಬರೆಯುವ ಗೃಹಿಣಿಯರಿಗೆ ಓದುಗರು ಕೆಲವೊಮ್ಮೆ ಮುದ್ರಿತ ಪುಸ್ತಕದ ಲೇಖಕರಿಗಿಂತ ಹೆಚ್ಚು. ಮೈಲ್ಯಾಂಗ್‌ನಂಥ ಆ್ಯಪುಗಳಲ್ಲಿ ಕನ್ನಡ ಇ-ಪುಸ್ತಕ ಸಿಗುತ್ತದೆ. ಕತೆ ಓದಿ ಯೂಟ್ಯೂಬಿಗೆ ಹಾಕುವವರು ಜಾಹೀರಾತಿನ ಪಾಲು ಪಡೆಯಲು 1,000 ಚಂದಾದಾರರು, ಒಂದು ವರ್ಷದಲ್ಲಿ 4,000 ಗಂಟೆಯ ವೀಕ್ಷಣೆ ಎಂಬ ಹೊಸ್ತಿಲು ದಾಟಬೇಕು. ಜಾಹೀರಾತಿನ ದುಡ್ಡಿಗೆ ಒಂದು ಸ್ವಭಾವವಿದೆ: ಅದು ಗುಣ ನೋಡುವುದಿಲ್ಲ, ತಲೆ ಎಣಿಸುತ್ತದೆ. ಚಿನ್ನದ ದರ, ರಾಶಿಭವಿಷ್ಯ ಹೇಳುವವರ ಮುಂದೆ ಹಳಗನ್ನಡದ ಬಗ್ಗೆ ಬರೆಯುವವರು ಆ ಆಟದಲ್ಲಿ ಗೆಲ್ಲಲಾರರು, ಗೆಲ್ಲಬೇಕಾಗಿಯೂ ಇಲ್ಲ. ಪರದೆಯಿಂದ ಅವರು ಪಡೆಯಬೇಕಾದದ್ದು ಗಲ್ಲಾಪೆಟ್ಟಿಗೆಗೆ ಬರುವ ದಾರಿಯನ್ನು. ಬರಹ ಮೆಚ್ಚಿದವರ ಹೆಸರು, ಊರು, ಫೋನ್ ನಂಬರು ಲೇಖಕರದ್ದೇ ಪುಸ್ತಕದಲ್ಲಿ ದಾಖಲಾಗಿರಬೇಕು. ಕಂಪನಿಯ ನಿಯಮ ಬೆಳಗಾಗುವುದರೊಳಗೆ ಬದಲಾಗುತ್ತದೆ.

ಕೊನೆಯ ಮಾತು ಕಾಗದಪತ್ರದ್ದು. ಕನ್ನಡದಲ್ಲಿ ಪ್ರಕಾಶಕ–ಲೇಖಕ ಸಂಬಂಧ ಬಹಳಷ್ಟು ಕಡೆ ಕಾಫಿ ಕುಡಿಯುತ್ತ ಆಡಿದ ಮಾತಿನ ಮೇಲೆ ನಿಂತಿರುತ್ತದೆ. ಸಂಬಂಧ ಚೆನ್ನಾಗಿರುವಾಗಲೇ ಕರಾರುಪತ್ರ ಮಾಡಿಕೊಳ್ಳುವುದು ಸಂಬಂಧಕ್ಕೇ ಒಳ್ಳೆಯದು. ಎಷ್ಟು ಪ್ರತಿ, ಎಷ್ಟು ಶೇಕಡಾ, ಲೆಕ್ಕ ಯಾವ ತಿಂಗಳಲ್ಲಿ, ಇ-ಪುಸ್ತಕ, ಧ್ವನಿಪುಸ್ತಕ, ಅನುವಾದ, ಸಿನಿಮಾ ಹಕ್ಕು ಯಾರದ್ದು, ಎಲ್ಲವೂ ಬರವಣಿಗೆಯಲ್ಲಿರಲಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕು ವರ್ಗಾವಣೆಯ ಪತ್ರದಲ್ಲಿ ಅವಧಿ ಬರೆಯದಿದ್ದರೆ ಅದು ಐದೇ ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಒಂದು ಸಾಲಿನ ಪತ್ರಕ್ಕೆ ಹೆದರಿ ಕೂತಿರುವ ಲೇಖಕರು ಇದನ್ನು ತಿಳಿದಿರಬೇಕು. ಸಿನಿಮಾ ಹಾಡು ಬರೆಯುವವರಿಗೆ 2012ರ ತಿದ್ದುಪಡಿಯ ನಂತರ, ಚಿತ್ರಮಂದಿರದ ಪ್ರದರ್ಶನ ಬಿಟ್ಟು ಉಳಿದ ಬಳಕೆಗಳ ರಾಯಧನದಲ್ಲಿ ಪಾಲಿದೆ, ಅದನ್ನು ಬಿಟ್ಟುಕೊಟ್ಟೆನೆಂದು ಸಹಿ ಹಾಕಿದರೂ ಆ ಸಹಿ ನಿಲ್ಲದು. ತೆರಿಗೆಯಲ್ಲೂ ಸಣ್ಣ ಅನುಕೂಲವಿದೆ: ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಸಾಹಿತ್ಯ ಕೃತಿಯ ರಾಯಧನಕ್ಕೆ ಹಳೆಯ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ 3 ಲಕ್ಷದವರೆಗೆ ವಿನಾಯಿತಿ ಉಂಟು, ಶಾಲಾ ಪಠ್ಯಕ್ಕೆ ಇದು ಅನ್ವಯಿಸದು. ಮೂರು ಲಕ್ಷ ರಾಯಧನ ಬರುವ ಕನ್ನಡ ಲೇಖಕರು ಎಷ್ಟು ಮಂದಿ ಎಂದು ಸಂಸತ್ತಿನಲ್ಲಿ ಯಾರೂ ಕೇಳಿದಂತಿಲ್ಲ.

ಕೃತಿಸ್ವಾಮ್ಯ ಲೇಖಕರ ಕಾಲಾನಂತರ 60 ವರ್ಷ ಇರುತ್ತದೆ. ಬರೆದವರು ಹೋದಮೇಲೂ ಬರಹ ದುಡಿಯಬಲ್ಲದು. ಕಾದಂಬರಿಗಾರ್ತಿ ತ್ರಿವೇಣಿಯವರು 1963ರಲ್ಲಿ, ಇನ್ನೂ ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು; ಅವರ ‘ಬೆಳ್ಳಿಮೋಡ’ ಸಿನಿಮಾ ಆದದ್ದು 1967ರಲ್ಲಿ. ಆದ್ದರಿಂದ ಯಾವ ಪುಸ್ತಕದ ಹಕ್ಕು ಯಾರ ಬಳಿ ಇದೆ, ಎಂದಿನವರೆಗೆ, ಮುಂದೆ ಯಾರಿಗೆ ಸೇರಬೇಕು ಎಂದು ಲೇಖಕರು ಒಂದು ಹಾಳೆಯಲ್ಲಿ ಬರೆದು, ಉಯಿಲಿನ ಜೊತೆ ಇಡಬೇಕು. ಮನೆಯವರಿಗೆ ಪ್ರಕಾಶಕರ ಫೋನ್ ನಂಬರಾದರೂ ಗೊತ್ತಿರಬೇಕು. ಬೇಂದ್ರೆಯವರು 1981ರಲ್ಲಿ ತೀರಿಕೊಂಡದ್ದರಿಂದ ಅವರ ಬದುಕಿನ ಕಾಲದಲ್ಲಿ ಪ್ರಕಟವಾದ ಕವಿತೆಗಳ ಹಕ್ಕು 2041ರ ಡಿಸೆಂಬರ್ 31ರವರೆಗೆ ಇದೆ. ತ್ರಿವೇಣಿಯವರು ಬದುಕಿದ್ದಾಗ ಪ್ರಕಟಿಸಿದ ಕಾದಂಬರಿಗಳನ್ನು 2024ರ ಜನವರಿ 1ರಿಂದ ಯಾರು ಬೇಕಾದರೂ, ಯಾರನ್ನೂ ಕೇಳದೆ, ಅಚ್ಚು ಹಾಕಿ ಮಾರಬಹುದು.